ಈ ತಿಂಗಳೇ ಕಡೆ

ಎದುರಿನ ಅಂಗಡಿಯ ಮುಂದೆ ಸಾಲು ನಿಂತಿತೆಂದರೆ ಕುವಾನೊ ಕಿಯೊತಾಕಾನಿಗೆ ಬಾಯಲ್ಲಿದ್ದ ಚಹಾ ಗಂಟಲಿಗಿಳಿಯುತ್ತಿರಲಿಲ್ಲ. ಒಸಾಕಾದ ಆ ಸೂರು ಹೊದ್ದ ಪೇಟೆಬೀದಿಯಲ್ಲಿ ಚಹಾ ಎಲೆ ಮಾರುವ ಅಂಗಡಿಗಳು ಎರಡೇ, ಅವೂ ಎದುರುಬದುರು. ಇತ್ತ ಅಜ್ಜನ ಕಾಲದಿಂದ ಬಂದ ಕುವಾನೊ ಅಂಗಡಿ, ಅತ್ತ ತೊಮೊಜಿಯದು. ಬೇರೆ ಯಾರಾದರೂ ಆಗಿದ್ದರೆ ಕಿಯೊತಾಕಾ ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ತೊಮೊಜಿ ಇದೇ ಕುವಾನೊ ಅಂಗಡಿಯಲ್ಲಿ ಕಸ ಗುಡಿಸಿ, ಎಲೆ ಹುರಿಯುವುದನ್ನು ಕಲಿತು ಹೋದವನು. ಹುರಿದ ಎಲೆಯ ಹದ ನೋಡಬೇಕಾದರೆ ಕಿಯೊತಾಕಾನ ಅಪ್ಪ ಮಗನನ್ನು ಬಿಟ್ಟು ಅವನನ್ನೇ ಕರೆಯುತ್ತಿದ್ದ. ಮೂಗು ಅಂದರೆ ಇವನದು ಎಂದು ನಾಲ್ಕು ಜನರೆದುರು ಹೇಳಿದ್ದೂ ಉಂಟು. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಆ ಮಾತು ಮಾತ್ರ ಸತ್ತಿರಲಿಲ್ಲ.

ಸಾಲದ್ದಕ್ಕೆ ತೊಮೊಜಿ ಇಂದಿಗೂ ಬೀದಿಯಲ್ಲಿ ಕಂಡರೆ ಸೊಂಟ ಬಗ್ಗಿಸಿ "ಚಿಕ್ಕ ಯಜಮಾನ್ರೇ" ಎನ್ನುತ್ತಿದ್ದ. ಹುಡುಕಿದರೂ ತಲೆಯಲ್ಲಿ ಒಂದು ಕಪ್ಪು ಕೂದಲು ಸಿಗದವನಿಗೆ ಚಿಕ್ಕ ಯಜಮಾನನೆಂಬ ಬಿರುದು! ಗೇಲಿ ಮಾಡಿದ್ದರೆ ತಿರುಗಿ ಬಯ್ಯಬಹುದಿತ್ತು. ಅವನು ಮನಸಾರೆ ಹೇಳುತ್ತಿದ್ದ, ಅದಕ್ಕೇ ಕಿಯೊತಾಕಾನ ಮೈ ಉರಿಯುತ್ತಿತ್ತು.

ತೊಮೊಜಿಯ ಅಂಗಡಿಯಲ್ಲಿ ಕೊಳ್ಳಲಿ ಬಿಡಲಿ, ಬಂದವರ ಕೈಗೆ ಮೊದಲು ಒಂದು ಬಟ್ಟಲು ಬಿಸಿ ಚಹಾ ಬರುತ್ತಿತ್ತು. ಅದು ಕಿಯೊತಾಕಾನ ಅಪ್ಪನ ಪದ್ಧತಿ. ಪುಕ್ಕಟೆ ಕುಡಿದು ಹೋಗುವವರೇ ಹೆಚ್ಚೆಂದು ಮಗ ಅದನ್ನು ನಿಲ್ಲಿಸಿದ್ದ. ಈಗ ತನ್ನ ಮನೆಯ ಬಟ್ಟಲಿನಿಂದಲೇ ಎದುರಿನವನು ಗಿರಾಕಿ ಹಿಡಿಯುತ್ತಿದ್ದಾನೆಂದು ಹೆಂಡತಿ ಫುಮಿಕೊಳ ಮುಂದೆ ಗೊಣಗುತ್ತಿದ್ದ. ನಾವೂ ಕೊಟ್ಟರಾಯಿತಲ್ಲ ಎಂದು ಅವಳೆಂದರೆ, ಅವನನ್ನು ನೋಡಿ ತಾನು ಕಲಿಯಬೇಕೇ ಎಂದು ಹಾರಿಬೀಳುತ್ತಿದ್ದ.

ಆ ವಸಂತದಲ್ಲಿ ಹೊಸ ಎಲೆ ಬಂದಾಗ ತೊಮೊಜಿಯ ಸಾಲು ಬೀದಿ ದಾಟಿ ಕುವಾನೊ ಅಂಗಡಿಯ ಬಾಗಿಲಿಗೇ ತಾಗಿತು. ಜನ ಇತ್ತ ಬೆನ್ನು ಹಾಕಿ ನಿಂತರು. ಮರುದಿನ ಬೆಳಿಗ್ಗೆ ಕಿಯೊತಾಕಾ ಗಾಜಿನ ಮೇಲೆ ಕೆಂಪಕ್ಷರದ ದೊಡ್ಡ ಹಾಳೆ ಅಂಟಿಸಿದ: ಅಂಗಡಿ ಮುಚ್ಚುತ್ತಿದ್ದೇವೆ, ಈ ತಿಂಗಳೇ ಕಡೆ, ಎಲ್ಲವೂ ಅರ್ಧ ಬೆಲೆಗೆ.

"ನಿಮಗೇನು ತಲೆ ಕೆಟ್ಟಿದೆಯೇನ್ರೀ?" ಎಂದಳು ಫುಮಿಕೊ.

"ಸ್ಟೇಷನ್ ಹತ್ರ ಬಟ್ಟೆ ಅಂಗಡಿಯವನು ಹತ್ತು ವರ್ಷದಿಂದ ಮುಚ್ತಾನೇ ಇದ್ದಾನೆ. ಅವನಿಗೇನಾಗಿದೆ? ಜನ ನಗ್ತಾರೆ, ಕೊಂಡ್ಕೊಳ್ತಾರೆ."

"ಅವನ ಮಾತನ್ನ ಯಾರೂ ನಂಬಲ್ಲ, ಅದಕ್ಕೇ ನಗ್ತಾರೆ. ನಿಮ್ಮಪ್ಪ ಈ ಅಂಗಡೀಲಿ ಒಂದು ಸುಳ್ಳೂ ಹೇಳಿದವರಲ್ಲ. ನಮ್ಮ ಮಾತು ನಂಬಿಬಿಡ್ತಾರಲ್ರೀ."

ನಂಬಿದರು. ಬೆಲ್ಲವಿದ್ದಲ್ಲಿ ನೊಣ ಎಂಬಂತೆ ಎಲ್ಲೆಲ್ಲಿಂದಲೋ ಜನ ಬಂದು ಮುತ್ತಿದರು. ಅರ್ಧ ಬೆಲೆಗೆ ಒಳ್ಳೆಯ ಎಲೆ ಮಾರಿದರೆ ಮನೆ ಮುಳುಗೀತೆಂದು ಕಿಯೊತಾಕಾ ಅಗ್ಗದ ಹಳೆಯ ಎಲೆ ತರಿಸಿ, ಅಪ್ಪನ ಹೆಸರು ಬರೆದ ಡಬ್ಬಿಗಳಿಗೇ ತುಂಬಿದ. ಎಂಥದೋ ಒಂದು ಸುಖ ಅವನಿಗೆ. ಎದುರಿನ ಸಾಲು ಸೊರಗಿತ್ತು. ಗಿರಾಕಿಗೆ ಚಿಲ್ಲರೆ ಕೊಡುವಾಗಲೂ ಅವನ ಕಣ್ಣು ಅತ್ತಲೇ ಇರುತ್ತಿತ್ತು. ತಿಂಗಳು ಮುಗಿಯಿತು, ಹಾಳೆ ಮುಗಿಯಲಿಲ್ಲ. ಇನ್ನೊಂದು ತಿಂಗಳಿಗೂ ಅದೇ ಅಕ್ಷರಗಳು ನಿಂತವು.

ನಡುವೆ ಹಳೆಯ ಗಿರಾಕಿಗಳೂ ಬಂದರು, ಆದರೆ ಅಗ್ಗಕ್ಕೆಂದಲ್ಲ. ಒಳ್ಳೆ ಬಟ್ಟೆಯುಟ್ಟು, ಬೀಳ್ಕೊಡುಗೆಯ ಕಾಣಿಕೆ ಹಿಡಿದು ಒಬ್ಬೊಬ್ಬರಾಗಿ ಬಂದರು. ಊರು ಬಿಡುವವರಿಗೆ, ಕೆಲಸ ಬಿಡುವವರಿಗೆ ಹಾಗೆ ಏನಾದರೂ ಕೊಡದೆ ಕಳಿಸುವವರು ಅಲ್ಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಇಲ್ಲಿಯ ಹುರಿದ ಚಹಾವನ್ನೇ ಕುಡಿದ ಒಕುಯಾಮಾ ಅಜ್ಜಿ ಸಿಹಿಯ ಪೆಟ್ಟಿಗೆಯನ್ನು ಎರಡೂ ಕೈಯಿಂದ ಮುಂದೆ ಚಾಚಿದಳು.

"ನಮ್ಮ ಯಜಮಾನ್ರು ಆಸ್ಪತ್ರೇಲಿ ಕಡೇ ಸಲ ಕೇಳಿದ್ದು ನಿಮ್ಮ ಚಹಾನೇ ಕಣಪ್ಪಾ. ಇಷ್ಟು ವರ್ಷ ನಮ್ಮನ್ನ ನೋಡ್ಕೊಂಡ್ರಿ. ನಿಮ್ಮ ಋಣ ದೊಡ್ಡದು," ಎಂದು ಬಾಗಿ, ಬಹಳ ಹೊತ್ತು ತಲೆ ಎತ್ತಲಿಲ್ಲ.

ಕಿಯೊತಾಕಾನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಪೆಟ್ಟಿಗೆ ತೆಗೆದುಕೊಂಡು, ಕಡೆಯದೆಂದು ಅವಳು ಕೇಳಿದ ಡಬ್ಬಿಯನ್ನು ಕೊಟ್ಟು, ತಾನೂ ಬಾಗಿದ. ಹೀಗೆ ಬಂದ ಪೆಟ್ಟಿಗೆಗಳು ಒಳಕೋಣೆಯಲ್ಲಿ ಗೋಡೆಯೆತ್ತರಕ್ಕೆ ಬೆಳೆದವು. ಫುಮಿಕೊ ಅವುಗಳಲ್ಲಿ ಒಂದನ್ನೂ ಬಿಚ್ಚಲಿಲ್ಲ.

ಬೇಸಿಗೆ ಬರುವಷ್ಟರಲ್ಲಿ ಅಗ್ಗದ ಜನಕ್ಕೆ ಕುವಾನೊ ಹಳಸಿತು. ಅವರು ಬೇರೆ ಬೀದಿಯ ಬೇರೆ ಹಾಳೆ ಹುಡುಕಿಕೊಂಡು ಹೋದರು. ಇನ್ನು ತನ್ನ ಹಳಬರು ಬರುತ್ತಾರೆಂದು ಕಿಯೊತಾಕಾ ಕಾದ. ಅವರು ಬರಲಿಲ್ಲ. ಯಾಕಾದರೂ ಬಂದಾರು? ಕಾಣಿಕೆ ಕೊಟ್ಟು, ಕಣ್ಣೀರು ಹಾಕಿ ಬೀಳ್ಕೊಟ್ಟಿದ್ದರಲ್ಲ. ಒಂದು ಮಧ್ಯಾಹ್ನ ಒಕುಯಾಮಾ ಅಜ್ಜಿ ತೊಮೊಜಿಯ ಅಂಗಡಿಯಿಂದ ಚೀಲ ಹಿಡಿದು ಇಳಿದಳು. ಇವನನ್ನು ಕಂಡವಳೇ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಚೀಲವನ್ನು ಬೆನ್ನ ಹಿಂದೆ ಮರೆಮಾಡಿ ಬಾಗಿದಳು. ಅವಳ ಹಿಂದೆ ಎದುರಿನ ಸಾಲು ಹಿಂದೆಂದಿಗಿಂತ ಉದ್ದವಾಗಿತ್ತು. ಅದರಲ್ಲಿ ಕಿಯೊತಾಕಾನಿಗೆ ಗುರುತಿಲ್ಲದ ಮುಖವೇ ಕಡಿಮೆ. ಅವನು ಒಳಗೆ ಬಂದುಬಿಟ್ಟ.

ಅಂದೇ ಸಂಜೆ ತೊಮೊಜಿ ಮುಚ್ಚಳ ಹಾಕಿದ ಬಟ್ಟಲೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಬಂದ. ಸಾಲನ್ನು ಕಾಯಲು ಬಿಟ್ಟೇ ಬಂದಿದ್ದ.

"ಚಿಕ್ಕ ಯಜಮಾನ್ರೇ, ತಪ್ಪು ತಿಳೀಬೇಡಿ. ಒಕುಯಾಮಾ ಅಜ್ಜಿ ಕಡೇದಾಗಿ ಇಲ್ಲಿಂದ ಕೊಂಡ ಚಹಾ ಬೇರೆ ಥರ ಇತ್ತಂತೆ. ಮುಚ್ಚೋ ದುಃಖದಲ್ಲಿ ನಿಮ್ಮ ಕೈ ತಪ್ಪಿರಬೇಕು ಅಂತ ಅತ್ತರು. ದೊಡ್ಡ ಯಜಮಾನ್ರ ಹದ ನೆನಪು ಮಾಡ್ಕೊಂಡು ನಾನೇ ಹುರಿದಿದ್ದೀನಿ. ಮಾರೋಕ್ಕೆ ನಿಮ್ಮ ಅಪ್ಪಣೆ ಬೇಕು. ಒಂದು ಗುಟುಕು ನೋಡಿ ಹೇಳಿ."

ಚೆನ್ನಾಗಿರಬಾರದು ಎಂದು ಹಾರೈಸಿಕೊಂಡೇ ಕಿಯೊತಾಕಾ ಕುಡಿದ. ಮೊದಲ ಗುಟುಕಿಗೇ ಅಪ್ಪ ಬಂದು ಎದುರು ಕೂತಂತಾಯಿತು. ಅದೇ ಹೊಗೆ, ಕೊನೆಯಲ್ಲಿ ಅದೇ ಸಣ್ಣ ಸಿಹಿ. ತನ್ನ ಕೈಗೆ ಒಂದು ದಿನವೂ ಬಾರದ ಹದ. ಬಟ್ಟಲನ್ನು ಗೋಡೆಗೆ ಅಪ್ಪಳಿಸಬೇಕೆನ್ನಿಸಿತು. ಆದರೂ ಬರಿದಾಗುವವರೆಗೆ ಕುಡಿದ.

"ಪರವಾಗಿಲ್ಲ," ಎಂದ.

ತೊಮೊಜಿಯ ಕಣ್ಣು ತುಂಬಿತು. "ಮುಚ್ಚೋ ದಿನ ಯಾವುದು ಹೇಳಿ. ಅವತ್ತು ನನ್ನ ಅಂಗಡೀನೂ ಬಾಗಿಲು ಹಾಕ್ತೀನಿ. ಈ ಮನೆ ಅನ್ನ ತಿಂದವನು, ಕಡೇ ಬಾಗಿಲು ಹಾಕೋಕ್ಕೆ ನಾನೂ ಕೈ ಜೋಡಿಸ್ಬೇಕು."

ಒಳಬಾಗಿಲ ಪರದೆಯ ಸಂದಿಯಲ್ಲಿ ಫುಮಿಕೊ ನಿಂತಿದ್ದಳು. ಹೇಳಿಬಿಡಿ ಎಂದು ಅವಳ ಮುಖ ಬೇಡುತ್ತಿತ್ತು. ಹಾಳೆ ಸುಳ್ಳೆಂದು ಹೇಳಿದರೆ ಅಂಗಡಿ ಉಳಿಯುತ್ತಿತ್ತು. ಬೀದಿಗೆಲ್ಲ ಹೇಳಬಹುದಿತ್ತು, ಅಜ್ಜಿಯ ಕಾಲು ಹಿಡಿದಾದರೂ ಹೇಳಬಹುದಿತ್ತು. ಇವನೊಬ್ಬನ ಮುಂದೆ ಮಾತ್ರ ಆಗದು.

"ಈ ತಿಂಗಳ ಕೊನೇ ದಿನ," ಎಂದ ಕಿಯೊತಾಕಾ.

ಪರದೆ ಅಲುಗಾಡಿತು, ಫುಮಿಕೊ ಅಲ್ಲಿರಲಿಲ್ಲ. ತೊಮೊಜಿ ಬೀದಿ ದಾಟಿ ತನ್ನ ಸಾಲಿನವರಿಗೆ ದಿನ ಯಾವುದೆಂದು ತಿಳಿಸಿದ. ಅವರೆಲ್ಲ ಒಟ್ಟಿಗೆ ಇತ್ತ ತಿರುಗಿ, ಕುವಾನೊ ಅಂಗಡಿಯತ್ತ ತಲೆ ಬಾಗಿಸಿದರು. ಅಷ್ಟು ಜನ ಒಮ್ಮೆಲೇ ಕಿಯೊತಾಕಾನಿಗೆ ಎಂದೂ ಬಾಗಿರಲಿಲ್ಲ. ಅವನೂ ಬಾಗಿದ.