ಸದ್ದಿಲ್ಲದ ಯಂತ್ರ

ಹೊಲಿಗೆ ಯಂತ್ರದ ಕಂಪನಿಗೆ ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ನನ್ನ ಕೆಲಸ ಏನೆಂದು ಅಜ್ಜಿಗೆ ವಿವರಿಸಲು ಹೋಗಿ ಸೋತಿದ್ದೆ. "ಜನ ಯಂತ್ರಾನ ಹೇಗೆ ಬಳಸ್ತಾರೆ ಅಂತ ಕೂತು ನೋಡೋದು ಅಜ್ಜಿ" ಅಂದರೆ, "ನೋಡೋಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನಾನು ಕಿಟಕೀಲಿ ಕೂತು ಇಷ್ಟು ವರ್ಷ ಪುಕ್ಕಟೆ ದುಡಿದೆ ಬಿಡು" ಅಂದಳು.

ಆ ಕೆಲಸ ಕಲಿಸಿದವರನ್ನು ಇಡೀ ಆಫೀಸು ಸಿಸ್ಟರ್ ಎಂದೇ ಕರೆಯುತ್ತಿತ್ತು. ಹದಿನೆಂಟು ವರ್ಷ ನರ್ಸ್ ಆಗಿದ್ದು, ಸೊಂಟ ಹಿಡಿದುಕೊಂಡ ಮೇಲೆ ಆಸ್ಪತ್ರೆ ಬಿಟ್ಟು ಬಂದವರು. ಬಿಳಿ ಬಟ್ಟೆ ಹೋಗಿತ್ತು, ಎದುರಿಗಿದ್ದವರನ್ನು ಅಡಿಯಿಂದ ಮುಡಿಯವರೆಗೆ ಓದುವ ಆ ಕಣ್ಣು ಮಾತ್ರ ಹೋಗಿರಲಿಲ್ಲ.

ಆ ವರ್ಷ ಕಂಪನಿ ಹೊಸ ಯಂತ್ರ ತಂದಿತ್ತು. ಅದರ ಹೆಮ್ಮೆಯೆಂದರೆ ಸದ್ದೇ ಇಲ್ಲದಿರುವುದು. ನಮ್ಮ ಎಂಜಿನಿಯರ್ ಅದಕ್ಕಾಗಿ ನಾಲ್ಕು ವರ್ಷ ತಲೆ ಕೆಡಿಸಿಕೊಂಡಿದ್ದರು. ನಲವತ್ತು ಟೈಲರ್‌ಗಳಿಗೆ ಒಂದೊಂದು ಯಂತ್ರ ಕೊಟ್ಟು, ಮೂರು ತಿಂಗಳ ನಂತರ ಪ್ರಶ್ನೆಪತ್ರಿಕೆ ಕಳಿಸಿದೆವು. ಮೂವತ್ತೇಳು ಜನ 'ತುಂಬಾ ಚೆನ್ನಾಗಿದೆ' ಎಂಬಲ್ಲಿ ಗುರುತು ಹಾಕಿದ್ದರು. ಆದರೂ ಇನ್ನೊಂದು ಬೇಕು ಎಂದವರು ಒಬ್ಬರೂ ಇಲ್ಲ.

"ಒಮ್ಮೆ ಅಂಗಡಿಗೆ ಹೋಗಿ ಕೂತು ನೋಡಬೇಕು" ಅಂದರು ಸಿಸ್ಟರ್.

ಎಂಜಿನಿಯರ್ ಕಾಗದದ ಕಟ್ಟು ಎತ್ತಿ ತೋರಿಸಿದರು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಿಸ್ಟರ್? ಬರೆದೇ ಕೊಟ್ಟಿದಾರಲ್ಲ."

"ಬಿಟ್ಟಿ ಕೊಟ್ಟಿದ್ದನ್ನ ಕೊಟ್ಟೋರ ಮುಂದೇನೇ ಯಾರು ಬೈತಾರೆ ಸಾರ್? ವಾರ್ಡಲ್ಲಿ ರೋಗಿ 'ಆರಾಮಾಗಿದೀನಿ' ಅಂತಾನೆ, ಕೈ ಮಾತ್ರ ಹೊಟ್ಟೆ ಹಿಡ್ಕೊಂಡಿರುತ್ತೆ. ನಾನು ಕೈ ನೋಡ್ತಿದ್ದೆ."

ಹೊರಡುವಾಗ ನನಗೆ ಕಟ್ಟಪ್ಪಣೆಯಾಯಿತು: ಕಲಿಸಬಾರದು, ಹೊಗಳಬಾರದು, 'ಚೆನ್ನಾಗಿದೆಯಾ' ಅಂತ ಕೇಳಲೇಬಾರದು, ಬಾಯಿ ತೆರೆಯುವ ಮೊದಲು ಹತ್ತು ಎಣಿಸಬೇಕು. ನನ್ನ ಬಾಯಿಗೆ ಬೀಗ ಹಾಕಿದರೆ ಮೂಗಲ್ಲಿ ಮಾತಾಡುತ್ತೇನೆ ಅಂತ ಮನೆಯಲ್ಲಿ ಹೇಳುತ್ತಿದ್ದರು. ಹತ್ತು ಎಣಿಸುವುದೆಂದರೆ ನನಗೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ.

ನಾವು ಹೋದದ್ದು ಇಳಿಜಾರಿನ ಬೀದಿಯ ಒಂದು ಮನೆಗೆ. ಮುಂದಿನ ಕೋಣೆಯೇ ಅಂಗಡಿ. ಗೋಡೆಯ ಮೊಳೆಗಳಲ್ಲಿ ತೋಳಿಲ್ಲದ ಕೋಟುಗಳು, ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದ ಪುಡಿ. ಕಿಟಕಿಯ ಹತ್ತಿರ ನಮ್ಮ ಬಿಳಿ ಯಂತ್ರ, ಗೋಡೆಯ ಕಡೆ ಬಣ್ಣ ಹೋದ ಹಳೆಯ ಕರಿ ಯಂತ್ರ. ಟೈಲರ್‌ಗೆ ಅರವತ್ತರ ಹತ್ತಿರ. ನಮ್ಮನ್ನು ಕಂಡದ್ದೇ ಬಿಳಿ ಯಂತ್ರದ ಮುಂದೆ ಕೂತು, ಫೋಟೋಗೆ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೊಲಿಯತೊಡಗಿದರು.

ಮೊದಲ ದಿನ ಪೂರ್ತಿ ಅದೇ ನಡೆಯಿತು. ಎರಡನೆಯ ದಿನ ಅವರು ಯಂತ್ರದ ಮೇಲಿನ ಒಂದು ಗುಂಡಿಗಾಗಿ ಬೆರಳಾಡಿಸುತ್ತಿದ್ದಾಗ ನಾನು ತಡೆಯಲಾರದೆ, "ಅಲ್ಲಲ್ಲ ಯಜಮಾನ್ರೇ, ಬಲಗಡೆದು!" ಅಂದುಬಿಟ್ಟೆ. ಸಿಸ್ಟರ್ ನನ್ನ ತೊಡೆ ಚಿವುಟಿದ ಜಾಗ ವಾರವಿಡೀ ನೀಲಿಯಾಗಿತ್ತು.

ಮೂರನೆಯ ದಿನ ಒಂದು ಶಾಲೆಯಿಂದ ತುರ್ತು ಕೆಲಸ ಬಂತು, ಮೂವತ್ತು ಸಮವಸ್ತ್ರ. ಟೈಲರ್‌ಗೆ ನಮ್ಮ ನೆನಪೇ ಹಾರಿಹೋಯಿತು. ಬಟ್ಟೆಯ ರಾಶಿ ಎತ್ತಿಕೊಂಡು ಸೀದಾ ಕರಿ ಯಂತ್ರಕ್ಕೆ ಹೋಗಿ ಕೂತರು. ಕೋಣೆ ತುಂಬಾ ಟಕಟಕ ಸದ್ದು. ಅವರ ಭುಜ ಸಡಿಲವಾಯಿತು, ತಲೆ ಒಂದು ಪಕ್ಕಕ್ಕೆ ವಾಲಿತು. ನೋಡುತ್ತ ನೋಡುತ್ತ ನನಗೆ ಹೊಳೆಯಿತು: ಅವರು ಸೂಜಿಯನ್ನು ನೋಡುತ್ತಲೇ ಇರಲಿಲ್ಲ.

ಆರನೆಯ ಅಂಗಿಗೆ ತಲೆಯೆತ್ತಿದವರು ನಮ್ಮನ್ನು ಕಂಡು, ಬೆಲ್ಲ ಕದ್ದು ಸಿಕ್ಕಿಬಿದ್ದವರ ಹಾಗಾದರು. "ಹೊಸದು ಚೆನ್ನಾಗೇ ಇದೆಯಮ್ಮ. ಇದು ಸುಮ್ನೆ, ಅಭ್ಯಾಸ ಬಲ."

ನಾನು ಬಾಯಿ ತೆರೆಯಲಿಲ್ಲ. ಒಂದು, ಎರಡು, ಮೂರು... ಏಳಕ್ಕೆ ಬಂದಾಗ ಅವರೇ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಿಮ್ಗೆ ಯಾಕೆ ಸುಳ್ಳು ಹೇಳ್ಲಿ. ಕಣ್ಣು ಮಂಜಾಗಿದೆ. ಎರಡು ವರ್ಷ ಆಯ್ತು. ಡಾಕ್ಟ್ರು ಇದು ವಾಪಸ್ ಬರಲ್ಲ ಅಂದ್ರು. ಈ ಹಳೇದು ಸದ್ದು ಮಾಡುತ್ತೆ. ಬಟ್ಟೆ ದಪ್ಪ ಬಂದ್ರೆ ಒಂಥರಾ ಸದ್ದು, ದಾರ ಬಿಗಿಯಾದ್ರೆ ಇನ್ನೊಂಥರಾ. ಕಿವೀಲೇ ಹೊಲೀತೀನಿ. ನಿಮ್ದು ಮೂಕ ಯಂತ್ರ, ನಂಗೇನೂ ಹೇಳಲ್ಲ." ಸ್ವಲ್ಪ ತಡೆದು, "ನಮ್ಮ ಮನೆಯವಳಿಗೆ ಗೊತ್ತಿಲ್ಲ. ಹೇಳ್ಬೇಡಿ" ಅಂದರು.

ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಅವರ ಹೆಂಡತಿ ನಿಂತಿದ್ದರು.

"ದಿನಾ ಬೆಳಿಗ್ಗೆ ದಾರದ ಉಂಡೆಗಳನ್ನ ಬಿಳಿ, ನೀಲಿ, ಕಪ್ಪು ಅಂತ ಒಂದೇ ಸಾಲಲ್ಲಿ ಜೋಡಿಸಿಡೋದು ಯಾರು ಅಂದ್ಕೊಂಡ್ರಿ?" ಅಂದರು ಆಕೆ. "ಎರಡು ವರ್ಷದಿಂದ ನಾನೇ. ನೀವಾಗೇ ಹೇಳ್ಲಿ ಅಂತ ಕಾದೆ. ನೀವೋ, ಬಾಯಿ ಬಿಡೋ ಪೈಕಿ ಅಲ್ಲ."

ಆಕೆ ಚಹಾ ಇಟ್ಟು ಗಂಡನ ಹೆಗಲ ಮೇಲಿದ್ದ ದಾರದ ತುಣುಕು ತೆಗೆದರು. ತೆಗೆದ ಮೇಲೂ ಕೈ ಅಲ್ಲೇ ಇತ್ತು. ಸಿಸ್ಟರ್ ನಾನು ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿಸಿ ಹೊರಗೆ ಕರೆದುಕೊಂಡು ಹೋದರು. ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಕರವಸ್ತ್ರ ಕೊಟ್ಟರು. ಆಮೇಲೆ ಒಳಗೆ ಹೋಗಿ, ಇದನ್ನು ವರದಿಯಲ್ಲಿ ಬರೆಯಬಹುದೇ ಎಂದು ಇಬ್ಬರನ್ನೂ ಕೇಳಿದರು. "ಹೆಸರು ಬೇಡ. ಸದ್ದಿನ ವಿಷಯ ಬರೀರಿ" ಅಂದರು ಟೈಲರ್.

ಆಮೇಲೆ ಇನ್ನೂ ಎಂಟು ಅಂಗಡಿಗಳಲ್ಲಿ ಕೂತೆವು. ಕಣ್ಣು ಸರಿಯಿದ್ದವರೂ ಕಿವಿಯನ್ನೇ ನೆಚ್ಚಿದ್ದರು, ಅದು ಅವರಿಗೇ ತಿಳಿದಿರಲಿಲ್ಲ. ವರದಿ ಓದಿ ಎಂಜಿನಿಯರ್ ಕೆಂಡವಾದರು. "ನಾಲ್ಕು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?" ಸಿಸ್ಟರ್ ಅವರನ್ನು ಇಳಿಜಾರಿನ ಬೀದಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದರು. ಬೆಳಿಗ್ಗೆ ಕೈಕಟ್ಟಿ ಕೂತಿದ್ದವರು ಮಧ್ಯಾಹ್ನದ ಹೊತ್ತಿಗೆ ಕರಿ ಯಂತ್ರದ ಪಕ್ಕ ಮಂಡಿಯೂರಿ, ಕಿವಿ ಹಚ್ಚಿ, "ಈ ಸದ್ದಿಗೆ ಏನರ್ಥ? ಈಗ ಬಂತಲ್ಲ, ಇದಕ್ಕೆ?" ಎಂದು ಕೇಳುತ್ತಿದ್ದರು. ಟೈಲರ್ ಮೇಷ್ಟರ ಹಾಗೆ ಹೇಳಿಕೊಡುತ್ತಿದ್ದರು.

ಮುಂದಿನ ಯಂತ್ರಕ್ಕೆ ದನಿ ಬಂತು. ಮೊದಲು ಬಂದದ್ದು ಇಳಿಜಾರಿನ ಬೀದಿಗೇ. ಟೈಲರ್ ಹತ್ತು ನಿಮಿಷ ಹೊಲಿದು, "ಈಗ ಮಾತಾಡುತ್ತೆ. ಸ್ವಲ್ಪ ತೊದಲುತ್ತೆ" ಅಂದರು. ಆ ತೊದಲು ಸರಿಪಡಿಸಲು ಇನ್ನೂ ಐದು ತಿಂಗಳು ಹಿಡಿಯಿತು.

ಇದೆಲ್ಲ ನಡೆದು ಇಪ್ಪತ್ತೆಂಟು ವರ್ಷವಾಯಿತು. ಈಗ ಜನ ಎಲ್ಲಿ ಬೆರಳಿಟ್ಟರು, ಎಲ್ಲಿ ತಡವರಿಸಿದರು ಎಂಬುದೆಲ್ಲ ನನ್ನ ಮೇಜಿಗೇ ಪರದೆಯ ಮೇಲೆ ಬಂದು ಬೀಳುತ್ತದೆ. ಅನುಕೂಲವೇ, ಇಲ್ಲವೆನ್ನಲಾರೆ. ಆದರೆ ಇಸ್ತ್ರಿಯ ಬಿಸಿ ಆವಿಯ ವಾಸನೆ ಅದರಲ್ಲಿ ಬರುವುದಿಲ್ಲ, "ಇನ್ನೊಂದು ಲೋಟ ಕುಡೀರಿ" ಎನ್ನುವವರೂ ಇಲ್ಲ. ಸಿಸ್ಟರ್ ತೀರಿಕೊಂಡು ಹನ್ನೊಂದು ವರ್ಷ.

ಅವರು ಹೋಗುವ ಹಿಂದಿನ ವರ್ಷ ನಾವಿಬ್ಬರೂ ಕೊನೆಯ ಸಲ ಆ ಮನೆಗೆ ಹೋಗಿದ್ದೆವು. ಟೈಲರ್‌ಗೆ ಆಗ ಏನೂ ಕಾಣುತ್ತಿರಲಿಲ್ಲ. ಯಂತ್ರದ ಮುಂದೆ ಹೆಂಡತಿ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಇವರು, ತಲೆ ಅದೇ ಥರ ಒಂದು ಪಕ್ಕಕ್ಕೆ ವಾಲಿಸಿಕೊಂಡು.

"ಸೂಜಿ ಮೊಂಡಾಗಿದೆ ಕಣೆ, ಬದಲಾಯ್ಸು."

"ಈಗ ತಾನೇ ಹಾಕಿದ್ದು."

"ಹಾಕಿದ್ದು ಮೊನ್ನೆ."

ಆಕೆ ನಮ್ಮ ಕಡೆ ನೋಡಿ ನಕ್ಕು, ಹೊಸ ಸೂಜಿಗೆ ಕೈ ಹಾಕಿದರು. ಸಿಸ್ಟರ್ ಕೋಲು ಗೋಡೆಗೆ ಒರಗಿಸಿ ಕೂತರು, ನಾನು ಅವರ ಪಕ್ಕ ಕೂತೆ. ಕೇಳಬೇಕಾದ್ದೇನೂ ಇರಲಿಲ್ಲ. ಬಹಳ ಹೊತ್ತು ಅಲ್ಲೇ ಇದ್ದೆವು.