ಅಂಚಿನ ಕಾಲುದಾರಿ

ವಸಂತದ ಹೊಸ ವರ್ಷಕ್ಕೆ ಇನ್ನು ಹನ್ನೆರಡು ದಿನ. ಕಾಶಾನಿನ ಆ ಗಲ್ಲಿಯಲ್ಲಿ ತಾರಸಿಯ ಗೋಡೆಗಳ ಮೇಲೆಲ್ಲ ಹಬ್ಬಕ್ಕೆಂದು ತೊಳೆದ ರತ್ನಗಂಬಳಿಗಳು ನೀರಿಳಿಸುತ್ತ ಜೋತುಬಿದ್ದಿದ್ದವು. ಮೊನೀರಳ ತಾರಸಿ ಮಾತ್ರ ಖಾಲಿ. ಇದು ನಾಲ್ಕನೆಯ ವರ್ಷ. ಮೊದಲೆರಡು ವರ್ಷ ಅಕ್ಕಪಕ್ಕದವರು ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು.

ಅವಳು ನಡುಮನೆಯಲ್ಲಿ ಮಂಡಿಯೂರಿ ಕೂತು ರತ್ನಗಂಬಳಿಯ ಕುಚ್ಚನ್ನು ಬಾಚಣಿಗೆಯಿಂದ ಬಾಚುತ್ತಿದ್ದಳು. ತಂಗಿ ಬರುತ್ತಾಳೆಂದರೆ ಕುಚ್ಚಾದರೂ ನೆಟ್ಟಗಿರಬೇಕು. ಬೇರೇನನ್ನೂ ನೆಟ್ಟಗೆ ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಐವತ್ತೆಂಟು ವರ್ಷದ ಮಂಡಿ. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ.

ಕಿಟಕಿಯ ಬಳಿ ದಿಂಬಿಗೊರಗಿ ಅವಳ ಗಂಡ ಸೈಫುಲ್ಲಾ ಬಿಸಿಲಿಗೆ ಮುಖವೊಡ್ಡಿಕೊಂಡಿದ್ದ.

"ಎಷ್ಟೊತ್ತಿಗಂತೆ ಬರೋದು?"

"ಹನ್ನೊಂದಕ್ಕೆ. ರಫೂ ಮಾಡೋ ಉಸ್ತಾದ್ ಯದುಲ್ಲಾನ್ನೂ ಕರ್ಕೊಂಡು ಬರ್ತಾಳಂತೆ."

"ಯಾಕೆ?"

"ನೋಡಕ್ಕೆ."

ಅವನು ಮುಖವನ್ನು ಮತ್ತೆ ಬಿಸಿಲಿಗೆ ತಿರುಗಿಸಿದ. ಅವಳು ಬಾಚುವುದನ್ನು ಮುಂದುವರಿಸಿದಳು.

ನೋಡಲು ಬರುವುದು ಏನನ್ನು ಎಂದು ಇಬ್ಬರಿಗೂ ಗೊತ್ತಿತ್ತು. ಮೊನೀರಳ ತಾಯಿ ಮನೆಯಲ್ಲೇ ಇದ್ದ ಮಗ್ಗದಲ್ಲಿ ಎರಡು ರತ್ನಗಂಬಳಿ ನೇಯ್ದಿದ್ದಳು, ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು. ಒಂದೇ ನಕ್ಷೆ, ಒಂದೇ ಬಣ್ಣದ ಉಣ್ಣೆ. ಎರಡನ್ನು ಪಕ್ಕಪಕ್ಕ ಹಾಸಿದರೆ ಕನ್ನಡಿ ಇಟ್ಟಂತೆ ಕಾಣುವ ಜೋಡಿ. ಯಾರ ಮಗಳ ಮದುವೆ ಮೊದಲಾಗುತ್ತದೋ ಅವಳಿಗೆ ಜೋಡಿ ಸೇರಲಿ ಎಂದು ಸಾಯುವ ಮೊದಲು ತಾಯಿ ಹೇಳಿದ್ದಳು. ಮೊನೀರಳಿಗೆ ಮಕ್ಕಳಾಗಲಿಲ್ಲ. ಟೆಹರಾನಿನಲ್ಲಿರುವ ತಂಗಿ ಅಖ್ತರಳ ಮಗಳು ನೌಶೀನಳಿಗೆ ಈಗ ಮದುವೆ. ಹುಡುಗಿಯ ಜೊತೆ ಹೋಗುವ ಸಾಮಾನಿನ ಪಟ್ಟಿಯನ್ನು ಅಖ್ತರ್ ಗಂಡಿನ ಕಡೆಯವರೆದುರು ಓದಿಸಿಯೂ ಆಗಿತ್ತು: ಕಾಶಾನಿನ ರತ್ನಗಂಬಳಿ, ಒಂದು ಜೋಡಿ. ಅಕ್ಕನನ್ನು ಕೇಳಿದ್ದು ಅದಾದ ಮೇಲೆ, ಫೋನಿನಲ್ಲಿ. ಅದನ್ನೂ ಕೇಳುವುದು ಅನ್ನುವಂತಿರಲಿಲ್ಲ. "ನಿಂಗೊಂದು ಹೊಸ ಮಷೀನ್ ಹಾಸು ತಂದ್ಕೊಡ್ತೀನಿ ಅಕ್ಕ, ತೊಳೆಯೋದೂ ಸುಲಭ," ಅಂದಿದ್ದಳು. ಮೊನೀರ್ "ಬಾ, ನೋಡಣ" ಅಂದು ಫೋನಿಟ್ಟಿದ್ದಳು.

ಕೊಡುವುದು ಅವಳಿಗೆ ದೊಡ್ಡದಾಗಿರಲಿಲ್ಲ. ಕೊಟ್ಟರೆ ಸೈಫುಲ್ಲಾ ನಡೆಯುವುದು ಹೇಗೆ ಅನ್ನುವುದೇ ಅವಳನ್ನು ಹದಿನೈದು ದಿನದಿಂದ ತಿನ್ನುತ್ತಿತ್ತು.

ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಕಣ್ಣನ್ನು ತೆಗೆದುಕೊಂಡಿತ್ತು. ಈಗ ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಅನ್ನುವಷ್ಟು ಮಾತ್ರ ತಿಳಿಯುತ್ತದೆ. ಡಾಕ್ಟರ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅವನು ಹೇಳಿದ್ದು ಒಂದೇ ಮಾತು: "ನಿನ್ ತಂಗಿ ಮನೇವ್ರಿಗೆ ಗೊತ್ತಾಗ್ಬಾರ್ದು." ಹಿಂದೊಮ್ಮೆ ನೂಲಿನ ಗಿರಣಿ ಮುಚ್ಚಿ ಅವನ ಕೆಲಸ ಹೋದಾಗ ಅಖ್ತರಳ ಗಂಡ ಒಂದು ಮೂಟೆ ಅಕ್ಕಿ ತಂದಿಳಿಸಿ, ಆ ಮೂಟೆಯ ಕತೆಯನ್ನು ನೆಂಟರಿಗೆಲ್ಲ ಎರಡು ವರ್ಷ ಹೇಳಿಕೊಂಡು ತಿರುಗಿದ್ದ. ಸೈಫುಲ್ಲಾ ಅದನ್ನು ಮರೆತಿರಲಿಲ್ಲ.

ಆ ವರ್ಷ ಎಂದಿನಂತೆ ಮೊನೀರ್ ರತ್ನಗಂಬಳಿಯನ್ನು ತೊಳೆಯಲು ಕೊಟ್ಟಳು. ಅದು ತೊಳೆದು ಬಂದು, ತಾರಸಿಯಲ್ಲಿ ಒಣಗಿ ಒಳಗೆ ಬರಲು ಹತ್ತು ದಿನ ಹಿಡಿಯಿತು. ಬರಿ ನೆಲದ ಮೇಲೆ ಅವನಿಗೆ ದಿಕ್ಕು ಸಿಗಲಿಲ್ಲ. ಚಹಾ ಕಾಯಿಸುವ ಸಮೋವಾರ್ ಇಟ್ಟ ಮೇಜಿನ ಮೂಲೆ ಬಡಿದು ಹುಬ್ಬು ಒಡೆಯಿತು. ಮರುದಿನ ಅವಳು ಬ್ರೆಡ್ಡಿನ ಅಂಗಡಿಯಿಂದ ವಾಪಸು ಬಂದಾಗ ಅವನು ನಡುಮನೆಯ ಮಧ್ಯೆ ಅಂಬೆಗಾಲಿನಲ್ಲಿದ್ದ. ಬಾಗಿಲ ಸದ್ದಿಗೆ ಏನೋ ಹುಡುಕುವವನಂತೆ ನೆಲ ಸವರಿದ. ಅವಳು "ಏನು ಬಿತ್ತು?" ಎಂದು ಕೇಳಿದಳು. "ಗುಂಡಿ," ಅಂದ. ಅಂಗಿಯ ಗುಂಡಿಗಳೆಲ್ಲ ಇದ್ದವು.

ರತ್ನಗಂಬಳಿ ಬಂದು ಹಾಸಿದ ಮೇಲೆ ಅವನ ಕಾಲು ದಾರಿ ಕಂಡುಕೊಂಡಿತು. ಕಿಟಕಿಯಿಂದ ಎದ್ದು ಬಲಗಾಲನ್ನು ಸರಿಸಿದರೆ ಉಣ್ಣೆ ತೆಳುವಾಗುವ ಅಂಚು. ಅದನ್ನೇ ಹಿಡಿದು ಹೋದರೆ ಹಜಾರದ ಬಾಗಿಲಿನ ಮೂಲೆಯಲ್ಲಿ ಅಂಗೈಯಗಲದ ಗಟ್ಟಿ ಜಾಗ. ಹಿಂದೆ ಯಾವಾಗಲೋ ಕೆಂಡ ಬಿದ್ದು ಸುಟ್ಟಿದ್ದನ್ನು ಉಸ್ತಾದ್ ಯದುಲ್ಲಾ ಉಣ್ಣೆ ತುಂಬಿ ರಫೂ ಮಾಡಿದ ಜಾಗ ಅದು. ಅಲ್ಲಿ ಎಡಕ್ಕೆ ತಿರುಗಿದರೆ ಫೋನು, ಬಚ್ಚಲು, ಹೊರಬಾಗಿಲು. ಅಂದಿನಿಂದ ಮೊನೀರ್ ಅದನ್ನು ತೊಳೆಯಲು ಕೊಟ್ಟಿಲ್ಲ. ವರ್ಷಕ್ಕೊಮ್ಮೆ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸಿ ಹಾಸಬೇಕು, ಅದನ್ನೂ ಮಾಡಿಲ್ಲ. ಅವನಿಗೆ ಉಳಿದಿರುವ ಬೆಳಕು ಕಿಟಕಿಯದೊಂದೇ ಆದ್ದರಿಂದ ಪರದೆ ಎಳೆದಿಲ್ಲ. ಒಂದು ಪಕ್ಕ ಬಿಸಿಲಿಗೆ ಬಿಳುಚಿಕೊಳ್ಳುತ್ತ ಬಂತು. ಅವಳು ನೋಡುತ್ತ ಇದ್ದಳು.

ಹನ್ನೊಂದೂವರೆಗೆ ಗಲ್ಲಿಯಲ್ಲಿ ವ್ಯಾನು ನಿಂತಿತು. ಅಖ್ತರ್ ಮೊದಲು ಒಳಗೆ ಬಂದಳು, ಹಿಂದೆ ಡ್ರೈವರೂ ನೌಶೀನಳೂ ಸುರುಳಿ ಸುತ್ತಿದ ರತ್ನಗಂಬಳಿಯನ್ನು ಹೊತ್ತು ತಂದರು. ಮನೆಯೆಲ್ಲ ಹೊಗೆಸೊಪ್ಪಿನ ವಾಸನೆ ತುಂಬಿತು; ನುಸಿ ಬಾರದಿರಲಿ ಎಂದು ಅಖ್ತರ್ ವರ್ಷವರ್ಷವೂ ಸುರುಳಿಯೊಳಗೆ ಅದನ್ನು ತುಂಬಿಡುತ್ತಿದ್ದಳು. ಕೊನೆಗೆ ಉಸ್ತಾದ್ ಯದುಲ್ಲಾ ಬೂಟು ಕಳಚಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದ. ಎಂಬತ್ತರ ಆಸುಪಾಸಿನ ಮುದುಕ.

"ಏನ್ ಭಾವ, ನನ್ ಕಡೆ ತಿರುಗೂ ನೋಡಲ್ವಲ್ಲ! ಕೋಪಾನಾ?" ಅಂದಳು ಅಖ್ತರ್.

"ನಿನ್ನ ನೋಡಿದ್ರೆ ಕಣ್ಣು ಕುಕ್ಕುತ್ತೆ ಮಾರಾಯ್ತಿ," ಅಂದ ಸೈಫುಲ್ಲಾ. "ಅದಕ್ಕೇ ಬಿಸಿಲ ಕಡೆ ತಿರುಗಿ ಕೂತಿದೀನಿ. ಅದೇ ವಾಸಿ."

ಅವಳು ನಕ್ಕಳು. ಮೊನೀರ್ ಚಹಾ ತಂದು ಗಂಡನ ಲೋಟವನ್ನು ಅವನ ಬಲ ಮೊಣಕಾಲಿನ ಪಕ್ಕ, ಬಾದಾಮಿಯ ಬಟ್ಟಲನ್ನು ಅದಕ್ಕೆ ತಾಗಿಸಿ ಇಟ್ಟಳು. ದಿನವೂ ಅದೇ ಜಾಗ.

ಅಖ್ತರಳ ರತ್ನಗಂಬಳಿಯನ್ನು ಬಿಚ್ಚಿ ಪಕ್ಕದಲ್ಲಿ ಹಾಸಿದರು. ಜಾಗ ಸಾಲದೆ ಅರ್ಧ ಇದರ ಮೇಲೆಯೇ ಬಂತು. ಕೆಂಪು ಕೂಗುತ್ತಿತ್ತು, ನೀಲಿ ಅಂಗಡಿಯಿಂದ ಈಗ ತಂದಂತಿತ್ತು. ಕೆಳಗೆ ಮೊನೀರಳದು ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗಿ ಸುಮ್ಮನೆ ಮಲಗಿತ್ತು.

"ಅಯ್ಯೋ ಅಕ್ಕ! ಏನು ಮಾಡ್ಕೊಂಡಿದೀಯ ಇದನ್ನ? ಈ ಪಕ್ಕ ಪೂರ್ತಿ ಬಿಳುಚ್ಕೊಂಡಿದೆ. ವರ್ಷಕ್ಕೊಂದ್ಸಲ ತಿರುಗಿಸಿ ಹಾಸಿ ಅಂತ ಅಮ್ಮ ಎಷ್ಟು ಬಡ್ಕೊಂಡಿದ್ಲು! ಪರದೆನಾದ್ರೂ ಎಳೀಬಾರ್ದಾ?"

"ಮರ್ತೋಗುತ್ತೆ."

"ಮರೆಯೋ ವಿಷಯನಾ ಇದು? ಮನೇಲಿ ಇರೋದೇ ಇಬ್ರು. ಇದೊಂದನ್ನ ನೋಡ್ಕೊಳಕ್ಕಾಗಲ್ವಾ? ನಾನು ನೋಡು, ಇಪ್ಪತ್ತೆರಡು ವರ್ಷ ಒಂದು ಕಾಲು ಬೀಳಕ್ಕೆ ಬಿಟ್ಟಿಲ್ಲ."

"ಅಮ್ಮ, ಬಿಡಮ್ಮ," ಅಂದಳು ನೌಶೀನ್. ಬರಿಗಾಲಲ್ಲಿ ಎರಡರ ಮೇಲೂ ನಡೆದು ನೋಡುತ್ತಿದ್ದಳು. "ದೊಡ್ಡಮ್ಮಂದು ಎಷ್ಟು ಮೆತ್ತಗಿದೆ! ನಮ್ದು ಚಾಪೆ ಥರ ಚುಚ್ಚುತ್ತೆ."

"ಮಗು ಹೇಳ್ತಿರೋದು ಸರಿ," ಅಂದ ಉಸ್ತಾದ್, ಹಲ್ಲಿನ ಮಧ್ಯೆ ಸಕ್ಕರೆ ತುಂಡು ಕಚ್ಚಿಕೊಂಡು ಚಹಾ ಹೀರುತ್ತ. "ಹಾಸಿನ ಮೇಲೆ ಕಾಲು ಬೀಳ್ಬೇಕು ಅಖ್ತರ್ ಖಾನಂ. ನೀವು ಹೊಗೆಸೊಪ್ಪಾಕಿ ಉಪ್ಪಿನಕಾಯಿ ಮಾಡಿಟ್ಟಿದೀರಿ."

"ಮಾತಾಡೋದಾಮೇಲೆ ಉಸ್ತಾದ್, ಮೊದ್ಲು ಕೆಲ್ಸ ನೋಡಿ. ತೊಳೆದು, ಬಣ್ಣ ಕೂಡಿಸಿದ್ರೆ ಜೋಡಿ ಆಗುತ್ತೋ ಇಲ್ವೋ ಹೇಳಿ. ಸಂಜೆಯೊಳಗೆ ವ್ಯಾನು ವಾಪಸ್ಸಿರ್ಬೇಕು."

ಮುದುಕ ಮೆಲ್ಲಗೆ ಬಗ್ಗಿ, ಆಮೇಲೆ ಪೂರ್ತಿ ಮಲಗಿಯೇಬಿಟ್ಟ. ಕೆನ್ನೆಯನ್ನು ಮೊನೀರಳ ರತ್ನಗಂಬಳಿಗೆ ಆನಿಸಿ ಒಂದು ಕಣ್ಣು ಮುಚ್ಚಿ ಬೆಳಕಿಗೆದುರಾಗಿ ನೋಡಿದ. ಉಣ್ಣೆಯ ತಗ್ಗುದಿಣ್ಣೆ ಹಾಗೆ ನೋಡಿದರೇ ಕಾಣುವುದು. ಬಹಳ ಹೊತ್ತು ಹಾಗೇ ಇದ್ದ.

"ಇದೇನಿದು?" ಅಂದ ಕೊನೆಗೆ. "ಜನ ಹಾಸಿನ ನಡುವೆ ಓಡಾಡ್ತಾರೆ. ಇಲ್ಲಿ ನಡು ಹಾಗೇ ಇದೆ. ಅಂಚಲ್ಲಿ ಮಾತ್ರ ಸವೆದಿದೆ, ಒಂದು ಕಾಲಿನಗಲ. ಕಿಟಕಿಯಿಂದ ನನ್ನ ರಫೂವರೆಗೆ. ಇರುವೆ ಸಾಲು ಹೋದಂಗೆ. ಯಾರು ಮೊನೀರ್ ಖಾನಂ, ಹೀಗೆ ಅಂಚು ಹಿಡ್ಕೊಂಡು..."

ಮೊನೀರಳ ಕೈಯಲ್ಲಿ ತಟ್ಟೆಯಿತ್ತು. ಅವಳು ಗಂಡನ ಕಡೆ ನೋಡಿದಳು. ಕಿಟಕಿಯ ಬಳಿ ಸೈಫುಲ್ಲಾನ ಕೈ ಬಾದಾಮಿಯ ಬಟ್ಟಲಿಗೆ ಚಾಚಿತ್ತು. ಹಾಸುವ ಗಡಿಬಿಡಿಯಲ್ಲಿ ಡ್ರೈವರನ ಕಾಲು ತಾಗಿ ಬಟ್ಟಲು ಗೇಣುದ್ದ ಸರಿದಿತ್ತು. ಬೆರಳುಗಳು ಬರಿ ಉಣ್ಣೆಯ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಹೋಗಿ, ಆಮೇಲೆ ಏನೂ ಬೇಕಿಲ್ಲವೆಂಬಂತೆ ಮಡಿಲಿಗೆ ಮರಳಿದವು.

ನೆಲದ ಮೇಲೆ ಮಲಗಿದ್ದ ಮುದುಕ ಅದನ್ನು ನೋಡಿದ. ಅವನು ನೋಡಿದ್ದನ್ನು ಮೊನೀರ್ ನೋಡಿದಳು.

"ಯಾಕೆ ಉಸ್ತಾದ್? ಏನಾಯ್ತು?" ಅಂದಳು ಅಖ್ತರ್.

"ಏನಿಲ್ಲ." ಅವನು ಎದ್ದು ಕೂತ. ಎರಡು ರತ್ನಗಂಬಳಿಗಳ ಮೂಲೆಗಳನ್ನೂ ಮಗುಚಿ ಹಿಂಬದಿಯ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸತೊಡಗಿದ. ತುಟಿ ಅಲುಗುತ್ತಿತ್ತು. ಒಂದು ಸಲ ಎಣಿಸಿದ, ಮತ್ತೆ ಎಣಿಸಿದ. ಹೊರಗೆ ವ್ಯಾನಿನವನು ಹಾರನ್ ಬಾರಿಸಿದ.

"ಇವು ಜೋಡಿ ಅಲ್ಲ ಖಾನಂ," ಅಂದ.

"ಏನಂದ್ರಿ?"

"ಅಂಚಿನ ಹೂವಲ್ಲಿ ಅದಕ್ಕೂ ಇದಕ್ಕೂ ಎರಡು ಗಂಟು ವ್ಯತ್ಯಾಸ ಇದೆ. ನೇಯೋವಾಗ ಎಲ್ಲೋ ಲೆಕ್ಕ ತಪ್ಪಿದೆ. ಮೇಲಿಂದ ಗೊತ್ತಾಗಲ್ಲ, ಹಿಂದೆ ತಿರುಗಿಸಿದ್ರೆ ಗೊತ್ತಾಗುತ್ತೆ. ಗಂಡಿನ ಕಡೆಯವ್ರು ಬಜಾರಿನ ಜನ ಅಂದ್ರಲ್ಲ? ಪಟ್ಟೀಲಿ ಜೋಡಿ ಅಂತ ಇದ್ರೆ ತಿರುಗಿಸಿ ನೋಡೇ ನೋಡ್ತಾರೆ. ನಿಮ್ಮದೊಂದನ್ನೇ ಕೊಡಿ. ಒಂಟಿಯಾದ್ರೂ ಮರ್ಯಾದೆ ಇರುತ್ತೆ."

ಅಖ್ತರಳ ಮುಖ ಕೆಂಪಾಯಿತು. "ಅಮ್ಮ ಲೆಕ್ಕ ತಪ್ಪಿದ್ಲಾ? ನಮ್ಮಮ್ಮ? ಒಂದು ಗಂಟು ಹೆಚ್ಚುಕಮ್ಮಿ ಆಯ್ತು ಅಂತ ಎರಡು ದಿನದ ಕೆಲ್ಸ ಬಿಚ್ಚಿ ಹಾಕಿದೋಳು ಅವ್ಳು! ಅಕ್ಕ, ನೀನೇ ಹೇಳೆ. ನಾನು ಮಗ್ಗದ ಹತ್ರ ಹೋದೋಳಲ್ಲ. ನೀನು ಪಕ್ಕದಲ್ಲೇ ಕೂತು ಅರ್ಧ ಕಟ್ಟಿದೀಯ. ಅಮ್ಮ ತಪ್ಪಿದ್ಲಾ?"

ಎಲ್ಲರೂ ಮೊನೀರಳ ಕಡೆ ತಿರುಗಿದರು. ಮುದುಕನೊಬ್ಬ ಮಾತ್ರ ಚಹಾದ ಲೋಟದೊಳಗೆ ನೋಡುತ್ತಿದ್ದ.

ಆ ಎರಡು ದಿನ ಮೊನೀರಳಿಗೆ ಚೆನ್ನಾಗಿ ನೆನಪಿತ್ತು. ತಪ್ಪಿದ್ದು ಅವಳೇ, ಹದಿನಾಲ್ಕು ವರ್ಷದ ಅವಳ ಬೆರಳು. ತಾಯಿ ಬಯ್ಯಲಿಲ್ಲ. ಚಾಕು ತೆಗೆದುಕೊಂಡು ತಪ್ಪಿದ ಸಾಲಿನವರೆಗೂ ಬಿಚ್ಚಿದಳು. ಅಕ್ಕಪಕ್ಕ ಕೂತು ಮತ್ತೆ ಕಟ್ಟಿದರು, ತಾಯಿ ಬಣ್ಣ ಹೇಳುತ್ತ, ಮಗಳು ಗಂಟು ಎಣಿಸುತ್ತ. ಎರಡು ರತ್ನಗಂಬಳಿಯಲ್ಲೂ ಅಂಚಿನ ಆ ಹೂವಿಗೆ ಮೂವತ್ತೊಂದು ಗಂಟು. ಕಣ್ಣು ಮುಚ್ಚಿ ಹೇಳಬಲ್ಲಳು.

"ಅಮ್ಮಂಗೂ ಸುಸ್ತಾಗಿರ್ಬಹುದು," ಅಂದಳು.

ಅಖ್ತರ್ ಅವಳನ್ನೇ ನೋಡುತ್ತ ನಿಂತಳು. ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. "ಸುತ್ತೇ ನೌಶೀನ್," ಅಂದಳು ಮಗಳಿಗೆ. ಸುತ್ತುವಾಗ ಅಕ್ಕನ ಕೈ ಮುಂದೆ ಬಂದರೆ, "ಬೇಡ, ನಾವೇ ಸುತ್ಕೋತೀವಿ," ಅಂದಳು. ಊಟಕ್ಕೆ ನಿಲ್ಲಲಿಲ್ಲ. ಬಾಗಿಲಲ್ಲಿ ಮಾತ್ರ ತಿರುಗಿ, "ಅಮ್ಮ ಇದ್ದಿದ್ರೆ ಈ ಮಾತು ಹೇಳ್ತಿದ್ಯಾ?" ಅಂದಳು. ನೌಶೀನ್ ದೊಡ್ಡಮ್ಮನ ಕೆನ್ನೆಗೆ ಅವಸರದ ಮುತ್ತಿಟ್ಟು ಓಡಿದಳು.

ಉಸ್ತಾದ್ ಬೂಟಿನ ದಾರ ಕಟ್ಟಿಕೊಳ್ಳುತ್ತ ಹೊಸ್ತಿಲಲ್ಲಿ ಬಹಳ ಹೊತ್ತು ಕೂತಿದ್ದ. "ರಫೂ ಇನ್ನೂ ಗಟ್ಟಿ ಇದೆ," ಅಂದ, ಯಾರ ಕಡೆಗೂ ನೋಡದೆ. "ಸಡಿಲ ಆದ್ರೆ ಹೇಳಿಕಳ್ಸಿ. ನಾನೇ ಇಲ್ಲಿಗೆ ಬಂದು ಮಾಡ್ತೀನಿ. ಹಾಸು ಹೊರಗೆ ಕಳ್ಸೋದು ಬೇಡ." ಹೋದ.

ಮೊನೀರ್ ಲೋಟಗಳನ್ನು ಒಟ್ಟು ಮಾಡಿದಳು. ತೊಳೆಯಲು ಒಳಗೆ ಹೋಗಲಾಗದೆ ಅಲ್ಲೇ ಕೂತಳು. ಹೊಗೆಸೊಪ್ಪಿನ ವಾಸನೆ ಇನ್ನೂ ಇತ್ತು.

"ಎಷ್ಟು ಗಂಟು?" ಅಂದ ಸೈಫುಲ್ಲಾ.

"ಹ್ಞೂಂ?"

"ಆ ಹೂವಿಗೆ."

"ಮೂವತ್ತೊಂದು."

"ಎರಡರಲ್ಲೂ?"

"ಎರಡರಲ್ಲೂ."

ಅವನು ತಲೆಯಾಡಿಸಿದ. ಬಿಸಿಲು ಅವನ ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಆಮೇಲೆ ಅವನು ಗೋಡೆ ಹಿಡಿದು ಎದ್ದ. ಬಲಗಾಲು ಅಂಚು ಹುಡುಕಿತು. ಒಂದೊಂದೇ ಹೆಜ್ಜೆ ಇಟ್ಟು ಮೂಲೆಯವರೆಗೆ ಹೋಗಿ, ಗಟ್ಟಿ ಜಾಗ ಪಾದಕ್ಕೆ ಸಿಕ್ಕಿದ ಮೇಲೆ ಎಡಕ್ಕೆ ತಿರುಗಿ, ಹಜಾರದ ಸ್ಟೂಲಿನ ಮೇಲೆ ಫೋನಿನ ಪಕ್ಕ ಕೂತ.

"ಯಾರಿಗೆ?" ಅಂದಳು ಮೊನೀರ್.

"ಅಖ್ತರ್‌ಗೆ. ನಾನೇ ಹೇಳ್ತೀನಿ, ನನ್ನ ಕಣ್ಣಿನ ವಿಷ್ಯ. ನಿಮ್ಮಮ್ಮನ ಹೆಸರು ಹಾಗೆ ಹೋಗ್ಬಾರ್ದು."

"ಗೊತ್ತಾದ್ರೆ ಅವಳ ಗಂಡ ಮತ್ತೆ ಮೂಟೆ ಹೊತ್ಕೊಂಡು ಬರ್ತಾನೆ."

"ಬರ್ಲಿ. ಈ ಸಲ ಒಳ್ಳೇ ಅಕ್ಕಿ ತಗೊಂಬಾ ಅಂತೀನಿ."

ಅವಳಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಹಾಗೇ ಪಕ್ಕಕ್ಕೆ ವಾಲಿ ರತ್ನಗಂಬಳಿಯ ಮೇಲೆ ಮಲಗಿದಳು. ಹಗಲು ಹೊತ್ತು ಅವಳು ಮಲಗಿ ವರ್ಷಗಳಾಗಿದ್ದವು. ಉಣ್ಣೆ ಕೆನ್ನೆಗೆ ಬೆಚ್ಚಗಿತ್ತು. ಆ ಎತ್ತರದಿಂದ ಅಂಚಿನ ಕಾಲುದಾರಿ ಚೆನ್ನಾಗಿ ಕಾಣುತ್ತಿತ್ತು.

"ಅವರಿನ್ನೂ ಮನೆ ಸೇರಿರಲ್ಲ," ಅಂದಳು.

"ಕಾಯ್ತೀನಿ." ಅವನು ಬೆರಳಿನಿಂದ ಫೋನಿನ ಡಯಲಿನ ತೂತುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ ನೋಡಿದ, ಒಂದರಿಂದ ಸೊನ್ನೆಯವರೆಗೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಈಗ ಎಲ್ಲಿರ್ಬಹುದು?"

"ಅರ್ಧ ದಾರೀನೂ ಆಗಿರಲ್ಲ. ಇನ್ನೂ ಕೋಮ್ ಊರು ದಾಟಿರಲ್ಲ," ಅಂದಳು ಮೊನೀರ್, ಕಣ್ಣು ಮುಚ್ಚಿಕೊಂಡು.