ಇಂದುಮತಿಯ ಪರವಾಗಿ

ಪರ್ತ್ ನಗರದ ಪಿಯಾರಾ ವಾಟರ್ಸ್‌ನ ಕನ್ನಡಿಗರ ಯಾವ ಕೆಲಸವಿದ್ದರೂ ಉದಯಶಂಕರ್ ಮುಂದು. ಗಣಪತಿ ಹಬ್ಬಕ್ಕೆ ಹಾಲ್ ಗೊತ್ತು ಮಾಡುವುದರಿಂದ ಹಿಡಿದು ಹೊಸಬರಿಗೆ ಬಾಡಿಗೆ ಮನೆ ಹುಡುಕುವವರೆಗೆ ಎಲ್ಲಕ್ಕೂ ಕನ್ನಡ ಸಂಘದ ಈ ಸೆಕ್ರೆಟರಿಯೇ ಬೇಕು. ಅಂಥವರಿಗೆ ಮೈಸೂರಿನ ಗೆಳೆಯನ ಮಗಳು, ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್‌ನಲ್ಲಿ ಸೈಕಾಲಜಿ ಓದುತ್ತಿದ್ದ ನಿಹಾರಿಕಾ ಫೋನ್ ಮಾಡಿ, "ಅಂಕಲ್, ಪರ್ತ್‌ನಲ್ಲಿರೋ ನಮ್ಮ ಹೆಂಗಸರ ಒಂಟಿತನದ ಮೇಲೆ ಥೀಸಿಸ್ ಮಾಡ್ತಿದೀನಿ, ಈ ಪ್ರಶ್ನೆಗಳನ್ನ ಹಂಚಿಸ್ತೀರಾ?" ಎಂದು ಕೇಳಿದರೆ ಸುಮ್ಮನೆ ಕೂರುವ ಆಸಾಮಿಯೇ?

ಮನೆಮನೆಗೂ ಹೋದರು. ಕಾಫಿ ಕುಡಿದರು. ಎದುರಿಗೇ ಕೂತು ಬರೆಸಿಕೊಂಡು, ಒಂದೂ ಬಿಡದೆ ವಾಪಸ್ ತಂದರು. ರಜೆಯಲ್ಲಿ ನಿಹಾರಿಕಾ ಪರ್ತ್‌ಗೆ ಬಂದಾಗ ಕಂತೆಯನ್ನು ಅವಳ ಮುಂದಿಟ್ಟು ಶಭಾಸ್‌ಗಿರಿಗೆ ಕಾದರು.

ತಿರುವಿಹಾಕುತ್ತಿದ್ದಂತೆ ಅವಳ ಮುಖ ಸಣ್ಣದಾಯಿತು. "ಅಂಕಲ್, ಇಷ್ಟು ಮನೇಲಿ ಒಬ್ರಿಗೂ ಒಂದ್ ದಿನಾನೂ ಬೇಜಾರಾಗಿಲ್ವಾ?"

"ಒಳ್ಳೇದೇ ಆಯ್ತಲ್ಲಮ್ಮ! ನಮ್ಮ ಹುಡುಗಿ, ಒಳ್ಳೇ ಮಾರ್ಕ್ಸ್ ಬರ್ಬೇಕು, ಚೆನ್ನಾಗಿ ಬರೀರಿ ಅಂತ ಎಲ್ರಿಗೂ ಹೇಳಿದ್ದೆ."

ಪಾಪ, ಮನುಷ್ಯನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಪರೀಕ್ಷೆ ಬರೆದೇ ಬೆಳೆದ ಜನ ನಾವು. ಪ್ರಶ್ನೆ ಕಂಡರೆ ಸರಿ ಉತ್ತರ ಹುಡುಕುತ್ತೇವೆ, ನಿಜವಾದದ್ದನ್ನಲ್ಲ. ಅದೂ ಸೆಕ್ರೆಟರಿ ಸೋಫಾದಲ್ಲಿ, ಗಂಡ ಪಕ್ಕದಲ್ಲಿ ಕೂತಿರುವಾಗ ಯಾವ ಹೆಂಗಸು 'ಅಳು ಬರುತ್ತದೆ' ಎಂಬಲ್ಲಿ ಗುರುತು ಹಾಕಿಯಾಳು?

"ಇದ್ಯಾವ್ದೂ ಬಳಸೋಕಾಗಲ್ಲ ಅಂಕಲ್. ಥೀಸಿಸ್ ಆರು ತಿಂಗಳು ಮುಂದೆ ಹೋಗತ್ತೆ. ಅಪ್ಪನಿಗೆ ನಾನೇ ಹೇಳ್ತೀನಿ."

ಉದಯಶಂಕರ್‌ಗೆ ರೇಗಿತು. "ಹಾಗೇ ಕೊಟ್ಬಿಡು. ಯಾರ್ ಕೇಳ್ತಾರೆ?"

"ನಾಳೆ ನಮ್ಮೋರೊಬ್ರು ಡಾಕ್ಟರ್ ಹತ್ರ ಹೋಗಿ ಒಂಟಿ ಅನ್ಸತ್ತೆ ಅಂದ್ರೆ, ನಿಮ್ಮೋರೆಲ್ಲ ಖುಷಿಯಾಗಿದ್ದಾರಲ್ಲ ಅಂತ ಇದನ್ನೇ ತೋರಿಸ್ತಾರೆ. ತಪ್ಪು ನಿಮ್ದಲ್ಲ. ಹೇಗೆ ಕೇಳ್ಬೇಕು ಅಂತ ಯೋಚಿಸ್ಬೇಕಾಗಿದ್ದೋಳು ನಾನು."

ಅವಳು ಬೈದಿದ್ದರೆ ತಿರುಗಿ ಬೈಯುತ್ತಿದ್ದರು. ತಪ್ಪನ್ನು ತನ್ನ ತಲೆಗೇ ಕಟ್ಟಿಕೊಂಡ ಹುಡುಗಿಯ ಮುಂದೆ ಅವರ ಕೋಪ ನಿಲ್ಲಲಿಲ್ಲ.

ಉಳಿದ ರಜೆಯೆಲ್ಲ ಅವಳು ಪ್ರಶ್ನೆಗಳನ್ನು ಹೊಸದಾಗಿ ಕಟ್ಟಿದಳು. 'ನೀವು ಒಂಟಿಯೇ?' ಎಂಬುದು ಹೋಗಿ, 'ಕಳೆದ ವಾರ ಮನೆಯವರನ್ನು ಬಿಟ್ಟು ಎಷ್ಟು ಜನರ ಜೊತೆ ಕೂತು ಮಾತಾಡಿದಿರಿ?' ಎಂಬುದು ಬಂತು. ಫ್ರೀಮ್ಯಾಂಟಲ್‌ನ ಕೆಫೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹಾಸನದ ಹುಡುಗಿಯರಿಗೆ ಮೊದಲು ಓದಿಸಿ, ಅವರು ತಡವರಿಸಿದ ಕಡೆಯೆಲ್ಲ ತಿದ್ದಿದಳು. ಹೆಸರು ಬರೆಯುವಂತಿಲ್ಲ, ಲಕೋಟೆ ಅಂಟಿಸಿ ನೇರ ಅಡಿಲೇಡ್‌ಗೆ ಪೋಸ್ಟ್ ಮಾಡಬೇಕು.

"ಸಂಘದ ಪಟ್ಟಿ ಕೊಡ್ಲಾ?" ಎಂದರು ಉದಯಶಂಕರ್.

"ಅಷ್ಟೇ ಸಾಲಲ್ಲ ಅಂಕಲ್. ಸಂಘಕ್ಕೆ ಬರೋರಿಗೆ ನಾಲ್ಕು ಜನ ಇರ್ತಾರೆ. ಬರದೇ ಇರೋರನ್ನ ಹುಡುಕ್ಬೇಕು."

ವರ್ಷಗಟ್ಟಲೆ ಸಂಘ ನಡೆಸಿದ ಅವರಿಗೆ ಬರದವರ ನೆನಪೇ ಆಗಿರಲಿಲ್ಲ. ಎಂಥ ಹುಡುಗಿ ಇವಳು ಎಂದು ಅವರ ಎದೆ ತುಂಬಿ ಬಂತು.

ಹೊರಡುವ ದಿನ ನಿಹಾರಿಕಾ ಉದಯಶಂಕರ್ ಅವರ ಹೆಂಡತಿ ಇಂದುಮತಿಗೂ ಒಂದು ಲಕೋಟೆ ಕೊಟ್ಟಳು.

"ಮೊದಲ್ನೇದನ್ನ ನಾನು ನೋಡ್ಲೇ ಇಲ್ವಲ್ಲ!" ಎಂದರು ಇಂದುಮತಿ.

"ನೀನು ಅಡುಗೆಮನೇಲಿದ್ದೆ. ನಾನೇ ತುಂಬ್ಬಿಟ್ಟೆ," ಎಂದರು ಉದಯಶಂಕರ್.

ಇಂದುಮತಿ ಪೆನ್ನು ತೆಗೆದುಕೊಂಡು ಹೊರಗೆ ಹೋಗಿ, ನಿಂತಿದ್ದ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ಉದಯಶಂಕರ್ ಕಿಟಕಿಯಿಂದ ನೋಡುತ್ತಿದ್ದರು. ಮೊದಲ ಸಲ ಹೆಂಡತಿಯ ಪರವಾಗಿ 'ತುಂಬಾ ಸಂತೋಷ' ಎಂದು ಗುರುತು ಹಾಕಲು ಅವರಿಗೆ ಒಂದು ಗಳಿಗೆಯೂ ಹಿಡಿದಿರಲಿಲ್ಲ. ಈ ಹೊಸ ಪ್ರಶ್ನೆಗೂ ಅವಳ ಪರವಾಗಿ ಮನಸ್ಸಿನಲ್ಲೇ ಉತ್ತರ ಹುಡುಕಿದರು. ಕಳೆದ ವಾರ ಅವಳು ಯಾರ ಜೊತೆ ಕೂತು ಮಾತಾಡಿದ್ದಳು? ಸೋಮವಾರದಿಂದ ಒಂದೊಂದೇ ದಿನ ನೆನಪಿಸಿಕೊಂಡರು. ಮೈಸೂರಿನ ತಂಗಿಯದು ಬರೀ ಫೋನು. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ. ಭಾನುವಾರ ಬಂತು, ವಾರ ಮುಗಿಯಿತು, ಒಬ್ಬರೂ ಸಿಗಲಿಲ್ಲ.

ಕಾರಿನೊಳಗೆ ಇಂದುಮತಿ ಇನ್ನೂ ಬರೆಯುತ್ತಲೇ ಇದ್ದರು.